ಆ್ಯಪ್ ನಿಂತರೆ ಸೈಬರ್ ದಾಳಿಯೇ? ಸರ್ವರ್‌ಗಳ ಊರಿನಲ್ಲಿ ಹೆಸರು ಕಳೆದುಹೋದಾಗ ಆಗುವುದೇನು?

2021ರ ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತು ದಾಟಿ ಸ್ವಲ್ಪ ಹೊತ್ತಾಗಿತ್ತು. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶಗಳ ಪಕ್ಕದಲ್ಲಿ ಟಿಕ್ ಬದಲು ಪುಟ್ಟ ಗಡಿಯಾರದ ಗುರುತೇ ನಿಂತುಬಿಟ್ಟಿತ್ತು. ಫೇಸ್‌ಬುಕ್ ತೆರೆಯುತ್ತಿರಲಿಲ್ಲ, ಇನ್‌ಸ್ಟಾಗ್ರಾಂ ಕೂಡ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದವರು, ಡೇಟಾ ಖಾಲಿಯಾಗಿರಬೇಕೆಂದು ರೀಚಾರ್ಜ್ ಮಾಡಿಸಿದವರು, ಮನೆಯ ರೌಟರ್‌ಗೆ ನಾಲ್ಕು ಏಟು ಕೊಟ್ಟವರು ನಮ್ಮಲ್ಲೇ ಇದ್ದಾರೆ. ಸುಮಾರು ಆರು ಗಂಟೆಗಳ ನಂತರ, ನಾವು ಮಲಗಿದ್ದಾಗ, ಎಲ್ಲವೂ ಒಂದೊಂದಾಗಿ ಮರಳಿ ಬಂದವು. ವಾಟ್ಸಾಪ್ ಬಂದ ಮೇಲೆ ಫಾರ್ವರ್ಡ್‌ಗಳೂ ಬಂದವು. ಹ್ಯಾಕರ್‌ಗಳು ನುಗ್ಗಿದ್ದಾರೆ, ನಮ್ಮೆಲ್ಲರ ಮಾಹಿತಿ ಮಾರಾಟವಾಗಿದೆ, ಸರ್ಕಾರವೇ ನಿಲ್ಲಿಸಿದೆ ಎಂದೆಲ್ಲ. ರಾತ್ರಿ 11.30ರಿಂದ ಬೆಳಗ್ಗೆ 6ರವರೆಗೆ ವಾಟ್ಸಾಪ್ ಬಂದ್ ಆಗಲಿದೆ, ಈ ಸಂದೇಶ ಹಂಚದಿದ್ದರೆ ನಿಮ್ಮ ಖಾತೆ ರದ್ದಾಗುತ್ತದೆ ಎಂಬ ಹಳೆಯ ಸುಳ್ಳು ಕೂಡ ಮತ್ತೆ ಎದ್ದು ಓಡಾಡಿತು.

ನಡೆದದ್ದು ಬೇರೆಯೇ. ನಿರ್ವಹಣೆಯ ಕೆಲಸದ ವೇಳೆ ಕೊಟ್ಟ ಒಂದು ಆದೇಶ ಕಂಪನಿಯ ಡೇಟಾ ಸೆಂಟರ್‌ಗಳನ್ನು ಪರಸ್ಪರ ಜೋಡಿಸುವ ಜಾಲವನ್ನೇ ಕತ್ತರಿಸಿ ಹಾಕಿತು. ಅಂಥ ಆದೇಶವನ್ನು ತಡೆಯಬೇಕಿದ್ದ ಸಾಫ್ಟ್‌ವೇರ್‌ನಲ್ಲೂ ದೋಷವಿತ್ತು. ಫೇಸ್‌ಬುಕ್ ಎಂಬ ಹೆಸರಿಗೆ ಯಾವ ವಿಳಾಸ ಎಂದು ಜಗತ್ತಿಗೆ ಹೇಳುವ ಕಂಪನಿಯ ಸರ್ವರ್‌ಗಳಿಗೆ ಡೇಟಾ ಸೆಂಟರ್ ಸಿಗದಾಯಿತು. ಹಾಗಾದಾಗ ತಾವೇ ಸರಿಯಿಲ್ಲ ಎಂದು ತೀರ್ಮಾನಿಸಿ ಹಿಂದೆ ಸರಿಯುವಂತೆ ಅವನ್ನು ರೂಪಿಸಲಾಗಿತ್ತು, ಹಾಗೆಯೇ ಸರಿದವು. ನಿಮ್ಮ ಫೋನ್ ‘ಫೇಸ್‌ಬುಕ್ ಎಲ್ಲಿದೆ?’ ಎಂದು ಕೇಳುತ್ತಲೇ ಇತ್ತು, ಹೇಳುವವರು ಇರಲಿಲ್ಲ. ಕ್ಲೌಡ್‌ಫ್ಲೇರ್ ಎಂಬ ಕಂಪನಿ ನಡೆಸುವ ಸಾರ್ವಜನಿಕ ಹೆಸರು-ಪತ್ತೆ ಸೇವೆಗೆ ಆ ಹೊತ್ತಿನಲ್ಲಿ ಎಂದಿಗಿಂತ 30 ಪಟ್ಟು ಪ್ರಶ್ನೆಗಳು ಬಂದವು.

ಇದೇ ಬಗೆಯ ತೊಂದರೆ, ಇದಕ್ಕಿಂತ ಸಣ್ಣ ಪ್ರಮಾಣದಲ್ಲಿ, ಆ್ಯಪ್‌ಗಳ ಒಳಗೆ ಆಗಾಗ ಆಗುತ್ತಲೇ ಇರುತ್ತದೆ. ಊಟ ತರಿಸುವ ಆ್ಯಪ್ ಹತ್ತು ನಿಮಿಷ ಮಂಕಾದಾಗ, ಟಿಕೆಟ್ ಬುಕ್ ಮಾಡುವಾಗ ಚಕ್ರ ತಿರುಗುತ್ತಲೇ ಇದ್ದಾಗ, ಅದರ ಹಿಂದೆ ಹೆಸರು ಕಳೆದುಕೊಂಡ ಒಂದು ಪುಟ್ಟ ಪ್ರೋಗ್ರಾಂ ಇರುವ ಸಾಧ್ಯತೆ ಇದೆ. ಅದನ್ನು ಎಂಜಿನಿಯರ್‌ಗಳು ಹುಡುಕುವ ಬಗೆ ಮತ್ತು ಫಾರ್ವರ್ಡ್‌ಗಳು ಕಾರಣ ಹೇಳುವ ಬಗೆ, ಇವೆರಡರ ನಡುವಿನ ಅಂತರವನ್ನು ನೋಡುವುದು ಈ ಬರಹದ ಉದ್ದೇಶ.

ಹೆಸರು ನಮಗೆ, ಸಂಖ್ಯೆ ಯಂತ್ರಕ್ಕೆ

ನಿಮ್ಮ ಅಮ್ಮನ ಫೋನ್ ನಂಬರ್ ನೋಡದೆ ಹೇಳಬಲ್ಲಿರಾ? ನಮ್ಮಲ್ಲಿ ಅರ್ಧ ಜನರಿಗೆ ಆಗಲಿಲ್ಲ. ಕಾಂಟ್ಯಾಕ್ಟ್ಸ್‌ನಲ್ಲಿ ‘ಅಮ್ಮ’ ಎಂದು ಒತ್ತುತ್ತೇವೆ, ಫೋನ್ ನಂಬರ್ ಹುಡುಕಿಕೊಳ್ಳುತ್ತದೆ. ಕಾಂಟ್ಯಾಕ್ಟ್ಸ್ ಅಳಿಸಿಹೋದರೆ ಅಮ್ಮನಿಗೆ ಏನೂ ಆಗಿರುವುದಿಲ್ಲ, ಅವರ ಫೋನ್ ಸರಿಯಿರುತ್ತದೆ, ಟವರ್ ಕೂಡ ಇರುತ್ತದೆ. ಆದರೂ ಕರೆ ಹೋಗುವುದಿಲ್ಲ.

ಇಂಟರ್ನೆಟ್‌ನ ಕಾಂಟ್ಯಾಕ್ಟ್ಸ್ ಪಟ್ಟಿಯ ಹೆಸರು ಡಿಎನ್‌ಎಸ್, ಅಂದರೆ ಡೊಮೈನ್ ನೇಮ್ ಸಿಸ್ಟಂ. ಮೊದಮೊದಲು ಇದು ನಿಜಕ್ಕೂ ಒಂದೇ ಪಟ್ಟಿಯಾಗಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡ ಒಂದು ಕಡತದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ಸಂಖ್ಯೆ ಬರೆದಿಡುತ್ತಿತ್ತು, ಉಳಿದವರು ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್‌ಗಳು ಹೆಚ್ಚಿದಂತೆ ಇದು ನಿಭಾಯಿಸಲಾಗದ ಕೆಲಸವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಪಟ್ಟಿಯನ್ನು ಹಂಚುವ ವ್ಯವಸ್ಥೆ ರೂಪಿಸಿದರು. ಒಬ್ಬರ ಬಳಿ ಎಲ್ಲವೂ ಇಲ್ಲ. ಮೇಲಿನವರು ‘ಡಾಟ್ ಇನ್ ಬಗ್ಗೆ ಅವರನ್ನು ಕೇಳಿ’ ಎನ್ನುತ್ತಾರೆ, ಅವರು ‘ಈ ಹೆಸರಿನ ಬಗ್ಗೆ ಇವರನ್ನು ಕೇಳಿ’ ಎನ್ನುತ್ತಾರೆ. ಹಳ್ಳಿಯಲ್ಲಿ ಮನೆ ಹುಡುಕಿಕೊಂಡು ಹೋದಂತೆಯೇ.

ಒಮ್ಮೆ ಸಿಕ್ಕ ಉತ್ತರವನ್ನು ದಾರಿಯಲ್ಲಿರುವ ಎಲ್ಲರೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತಾರೆ. ಆ ಸ್ವಲ್ಪ ಹೊತ್ತು ಮೂವತ್ತು ಸೆಕೆಂಡ್ ಇರಬಹುದು, ಒಂದು ದಿನವೂ ಇರಬಹುದು. ನಿಮ್ಮ ಫೋನ್‌ನಲ್ಲಿ ಬರುವ ಆ್ಯಪ್ ಪಕ್ಕದ ಮನೆಯವರ ಫೋನ್‌ನಲ್ಲಿ ಬಾರದಿರುವುದಕ್ಕೆ ಇದು ದೊಡ್ಡ ಕಾರಣ. ಒಬ್ಬರ ನೆನಪು ಇನ್ನೂ ಮಾಸಿಲ್ಲ, ಇನ್ನೊಬ್ಬರದು ಮಾಸಿದೆ. ‘ಇಲ್ಲ’ ಎಂಬ ಉತ್ತರವೂ ನೆನಪಿನಲ್ಲಿ ಉಳಿಯುವುದರಿಂದ, ದೋಷ ಸರಿಯಾದ ಮೇಲೂ ಕೆಲವರಿಗೆ ಕೆಲವು ನಿಮಿಷ ‘ಇಲ್ಲ’ ಎಂದೇ ಬರುತ್ತದೆ. ‘ಆಯ್ದ ಜನರಿಗೆ ಮಾತ್ರ ಬ್ಲಾಕ್ ಮಾಡಿದ್ದಾರೆ’ ಎಂಬ ಫಾರ್ವರ್ಡ್ ಓದಿದಾಗ ನಮಗೆ ನೆನಪಾಗುವುದು ಇದು.

ಆ್ಯಪ್ ಒಳಗೊಂದು ಊರು

ಹಿಂದೆ ಒಂದು ಆ್ಯಪ್ ಎಂದರೆ ಕಂಪನಿಯ ಕಂಪ್ಯೂಟರ್‌ನಲ್ಲಿ ಓಡುವ ಒಂದು ದೊಡ್ಡ ಪ್ರೋಗ್ರಾಂ. ಈಗ ದೊಡ್ಡ ಆ್ಯಪ್‌ಗಳಲ್ಲಿ ಹೆಚ್ಚಿನವು ಹಾಗಿಲ್ಲ. ಲಾಗಿನ್ ನೋಡಿಕೊಳ್ಳಲು ಒಂದು ಪ್ರೋಗ್ರಾಂ, ಬೆಲೆ ಹೇಳಲು ಒಂದು, ಹಣ ಕಟ್ಟಿಸಿಕೊಳ್ಳಲು ಇನ್ನೊಂದು, ಡೆಲಿವರಿಯವರು ಎಲ್ಲಿದ್ದಾರೆಂದು ತೋರಿಸಲು ಮತ್ತೊಂದು. ಪ್ರತಿಯೊಂದನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಗಂಟು ಕಟ್ಟಿಡುತ್ತಾರೆ. ಗುಳೆ ಹೋಗುವವರು ಅಕ್ಕಿ, ಬೇಳೆ, ಸ್ಟೌ ಎಲ್ಲ ಕಟ್ಟಿಕೊಂಡು ಹೋದರೆ ಎಲ್ಲಿ ಇಳಿದರೂ ಒಲೆ ಹಚ್ಚಬಹುದಲ್ಲ, ಹಾಗೆ. ಈ ಗಂಟಿಗೆ ಕಂಟೇನರ್ ಎಂದು ಹೆಸರು. 2013ರಲ್ಲಿ ಡಾಕರ್ ಎಂಬ ಸಾಧನ ಬಂದ ಮೇಲೆ ಇದು ಎಲ್ಲೆಡೆ ಹಬ್ಬಿತು.

ಇಂಥ ನೂರಾರು ಕಂಟೇನರ್‌ಗಳನ್ನು ಹತ್ತಾರು ಕಂಪ್ಯೂಟರ್‌ಗಳ ಮೇಲೆ ಹಂಚಿ ನಡೆಸುವ ಕೂಟವೇ ಕ್ಲಸ್ಟರ್. ಇದನ್ನು ನೋಡಿಕೊಳ್ಳುವ ಮೇಸ್ತ್ರಿಯಂಥ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕುಬರ್‌ನೆಟೀಸ್. ಗೂಗಲ್ 2014ರಲ್ಲಿ ಇದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಗ್ರೀಕ್ ಭಾಷೆಯಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವವನು ಎಂಬ ಅರ್ಥವಂತೆ. ಒಂದು ಕಂಟೇನರ್ ಕೆಟ್ಟರೆ ಅದನ್ನು ಎಸೆದು ಇನ್ನೊಂದು ಕಂಪ್ಯೂಟರ್‌ನಲ್ಲಿ ಹೊಸದನ್ನು ಎಬ್ಬಿಸುತ್ತದೆ, ಜನ ಹೆಚ್ಚಾದರೆ ಎರಡಿದ್ದದ್ದನ್ನು ಇಪ್ಪತ್ತು ಮಾಡುತ್ತದೆ.

ಹೀಗೆ ಎದ್ದ ಪ್ರತಿ ಕಂಟೇನರ್‌ಗೂ ಹೊಸ ಸಂಖ್ಯೆ. ಬೆಳಗ್ಗೆ ಇದ್ದ ನಂಬರ್ ಮಧ್ಯಾಹ್ನಕ್ಕೆ ಇರುವುದಿಲ್ಲ. ದಿನಕ್ಕೆ ಮೂರು ಸಲ ಸಿಮ್ ಬದಲಿಸುವ ಗೆಳೆಯನ ನಂಬರ್ ಯಾರು ನೆನಪಿಡುತ್ತಾರೆ? ಹಾಗಾಗಿ ಕ್ಲಸ್ಟರ್ ಒಳಗಿನ ಎಲ್ಲರೂ ಒಬ್ಬರನ್ನೊಬ್ಬರು ಹೆಸರಿನಿಂದಲೇ ಕರೆಯುತ್ತಾರೆ. ಆ ಹೆಸರುಗಳಿಗಾಗಿ ಕ್ಲಸ್ಟರ್ ತನ್ನದೇ ಡಿಎನ್‌ಎಸ್ ಇಟ್ಟುಕೊಂಡಿರುತ್ತದೆ. ಕುಬರ್‌ನೆಟೀಸ್‌ನಲ್ಲಿ 2018ರ ಕೊನೆಯಿಂದ ಈ ಕೆಲಸಕ್ಕೆ ನೇಮಕವಾಗಿರುವುದು ಕೋರ್‌ಡಿಎನ್‌ಎಸ್ ಎಂಬ ಪ್ರೋಗ್ರಾಂ. ಸ್ವಾರಸ್ಯವೆಂದರೆ ಅದೂ ಒಂದು ಕಂಟೇನರ್, ಉಳಿದವರಂತೆ ಅದೂ ಸಾಯಬಹುದು.

ಬೇಕೆಂದೇ ಕೆಡಿಸಿ ನೋಡಿದೆವು

ನಾವು ಎಂಜಿನಿಯರ್‌ಗಳಲ್ಲ, ಸಂವಹನ ಓದಿದವರು. ಹಾಗಾಗಿ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಗೆಳತಿಯೊಬ್ಬರನ್ನು ಕೂರಿಸಿಕೊಂಡು, ಲ್ಯಾಪ್‌ಟಾಪ್‌ನಲ್ಲಿ ಮಿನಿಕ್ಯೂಬ್ ಎಂಬ ಸಾಧನದಿಂದ ಆಟಿಕೆಯಂಥ ಕ್ಲಸ್ಟರ್ ಕಟ್ಟಿದೆವು. ಒಳಗೆ ಎರಡು ಪ್ರೋಗ್ರಾಂ. ಒಂದಕ್ಕೆ ‘ಅಂಗಡಿ’ ಎಂದು ಹೆಸರಿಟ್ಟೆವು, ಇನ್ನೊಂದಕ್ಕೆ ‘ಖಾತೆ’. ಅಂಗಡಿ ಹೋಗಿ ಖಾತೆಯನ್ನು ‘ಬಾಕಿ ಎಷ್ಟು?’ ಎಂದು ಕೇಳಬೇಕು, ಉತ್ತರವನ್ನು ಪರದೆ ಮೇಲೆ ತೋರಿಸಬೇಕು. ಅಷ್ಟೇ ಕೆಲಸ. ಅದು ನಡೆಯುವವರೆಗೆ ಎರಡು ಕಪ್ ಕಾಫಿ ಆಯಿತು.

ಆಮೇಲೆ ಗೆಳತಿ ನಮಗೆ ತಿಳಿಯದಂತೆ ಏನನ್ನೋ ಕೆಡಿಸಿ, ‘ಹುಡುಕಿ’ ಎಂದರು. ಪರದೆ ಮೇಲೆ ಬಾಕಿಯ ಬದಲು, ಹೆಸರು ಪತ್ತೆ ಮಾಡುವಲ್ಲಿ ತಾತ್ಕಾಲಿಕ ತೊಂದರೆ ಎಂಬರ್ಥದ ಸಾಲು. ನಮ್ಮ ಮೊದಲ ಊಹೆ, ಖಾತೆ ಸತ್ತಿದೆ. ‘ನೋಡಿದ್ದೀರಾ?’ ಎಂದರು. ನೋಡಿರಲಿಲ್ಲ. ನೋಡಿದರೆ ಖಾತೆ ಆರಾಮಾಗಿ ಓಡುತ್ತಿತ್ತು.

ಇಲ್ಲಿ ಅವರು ಹೇಳಿಕೊಟ್ಟ ಮೊದಲ ಪರೀಕ್ಷೆ ಬಹಳ ಸರಳ. ಅಂಗಡಿಯ ಕಂಟೇನರ್ ಒಳಗೇ ಹೋಗಿ, ಖಾತೆಯನ್ನು ಹೆಸರಿನಿಂದಲ್ಲ, ನೇರ ಸಂಖ್ಯೆಯಿಂದ ಕರೆಯಿರಿ. ಕರೆದೆವು. ತಕ್ಷಣ ಉತ್ತರ ಬಂತು. ಸಂಖ್ಯೆಗೆ ಓಗೊಡುತ್ತದೆ, ಹೆಸರಿಗೆ ಇಲ್ಲ. ಅಂದರೆ ದಾರಿ ಸರಿಯಿದೆ, ಮನೆಯಲ್ಲಿ ಜನರಿದ್ದಾರೆ, ಕಾಂಟ್ಯಾಕ್ಟ್ಸ್ ಪುಸ್ತಕದಲ್ಲೇ ಏನೋ ಆಗಿದೆ. ಒಂದೇ ಪರೀಕ್ಷೆಯಲ್ಲಿ ಅನುಮಾನದ ಅರ್ಧ ಭಾಗ ಕತ್ತರಿಸಿ ಹೋಯಿತು. ಪರೀಕ್ಷೆಯನ್ನು ನಮ್ಮ ಲ್ಯಾಪ್‌ಟಾಪ್‌ನಿಂದ ಮಾಡದೆ ಕಂಟೇನರ್ ಒಳಗಿಂದಲೇ ಮಾಡಿದ್ದಕ್ಕೂ ಕಾರಣವಿದೆ. ಹೊರಗಿನವರು ಬೇರೆ ಪುಸ್ತಕ ನೋಡುತ್ತಾರೆ, ಒಳಗಿನವರು ಬೇರೆ.

ಮುಂದಿನ ಪ್ರಶ್ನೆ, ಅಂಗಡಿ ಯಾರನ್ನು ಕೇಳುತ್ತಿದೆ? ಪ್ರತಿ ಕಂಟೇನರ್ ಒಳಗೂ ಒಂದು ಪುಟ್ಟ ಕಡತವಿರುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಯಾವ ಸಂಖ್ಯೆಯವರನ್ನು ಕೇಳಬೇಕು ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ 10.96.0.10 ಎಂದಿತ್ತು. ಕ್ಲಸ್ಟರ್‌ನ ಡಿಎನ್‌ಎಸ್ ಸೇವೆಯ ಸಂಖ್ಯೆಯೂ ಅದೇ. ಸರಿ, ಸರಿಯಾದವರನ್ನೇ ಕೇಳುತ್ತಿದೆ. ಹಾಗಾದರೆ ಅಲ್ಲಿ ಉತ್ತರಿಸುವವರು ಇದ್ದಾರೆಯೇ? ಕೋರ್‌ಡಿಎನ್‌ಎಸ್ ಪ್ರತಿಗಳು ಎಷ್ಟು ಓಡುತ್ತಿವೆ ಎಂದು ನೋಡಿದರೆ ಸೊನ್ನೆ. ಗೆಳತಿ ಅವನ್ನು ಸೊನ್ನೆಗೆ ಇಳಿಸಿಬಿಟ್ಟಿದ್ದರು. ಎರಡು ಪ್ರತಿ ಎಬ್ಬಿಸಿದೆವು, ಕೆಲವೇ ಸೆಕೆಂಡುಗಳಲ್ಲಿ ಬಾಕಿ ಕಾಣಿಸಿತು.

ಎರಡನೆಯ ಸಲ ಕೆಡಿಸಿದಾಗ ನಾವು ಆತ್ಮವಿಶ್ವಾಸದಿಂದ ಕೋರ್‌ಡಿಎನ್‌ಎಸ್ ಎಣಿಸಲು ಹೋದೆವು. ಎರಡೂ ಜೀವಂತ. ಈ ಬಾರಿ ಬಂದ ಉತ್ತರವನ್ನೇ ನಾವು ಸರಿಯಾಗಿ ಓದಿರಲಿಲ್ಲ. ಮೊದಲ ಸಲ ಉತ್ತರವೇ ಬಂದಿರಲಿಲ್ಲ, ಈಗ ‘ಅಂಥ ಹೆಸರೇ ಇಲ್ಲ’ ಎಂಬ ಸ್ಪಷ್ಟ ಉತ್ತರ ಬಂದಿತ್ತು. ಎಂಜಿನಿಯರ್‌ಗಳ ಭಾಷೆಯಲ್ಲಿ ಎನ್‌ಎಕ್ಸ್‌ಡೊಮೈನ್. ನಿಮ್ಮ ಫೋನ್‌ನ ಕ್ರೋಮ್‌ನಲ್ಲೂ ಕೆಲವೊಮ್ಮೆ ಈ ಪದ ಕಾಣಿಸುತ್ತದೆ. ಇವೆರಡೂ ಬೇರೆ ಬೇರೆ ಕಾಯಿಲೆ. ಅಂಚೆಯಣ್ಣ ಮನೆಗೆ ಬರಲೇ ಇಲ್ಲ ಎನ್ನುವುದು ಒಂದು, ಬಂದು ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಬರೆದು ಹೋದ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಅಂಚೆ ವ್ಯವಸ್ಥೆ ಕೆಲಸ ಮಾಡುತ್ತಿದೆ, ತಪ್ಪಿರುವುದು ವಿಳಾಸ ಬರೆದವರದು. ಗೆಳತಿ ಖಾತೆಯನ್ನು ‘ಹಣ’ ಎಂಬ ಬೇರೆ ವಿಭಾಗಕ್ಕೆ ಸ್ಥಳಾಂತರಿಸಿದ್ದರು. ಅಂಗಡಿ ಮಾತ್ರ ತನ್ನ ವಿಭಾಗದಲ್ಲೇ ಖಾತೆಯನ್ನು ಹುಡುಕುತ್ತಿತ್ತು. ‘ಖಾತೆ’ ಎನ್ನುವ ಬದಲು ಹೆಸರಿನ ಜೊತೆ ವಿಭಾಗವನ್ನೂ ಸೇರಿಸಿ ಕೇಳಿದ ಕೂಡಲೇ ಸಿಕ್ಕಿತು.

ಮೂರನೆಯದು ನಮ್ಮನ್ನು ಚೆನ್ನಾಗಿ ಬೇಸ್ತು ಬೀಳಿಸಿತು. ಹೆಸರು ಕೇಳಿದರೆ ಸಂಖ್ಯೆ ಸರಿಯಾಗಿ ಬರುತ್ತಿದೆ, ಆದರೂ ಬಾಕಿ ಬರುತ್ತಿಲ್ಲ. ಡಿಎನ್‌ಎಸ್‌ಗೆ ಅರ್ಧ ಗಂಟೆ ಬೈದ ಮೇಲೆ ಗೊತ್ತಾಯಿತು, ಅದು ನಿರಪರಾಧಿ. ಖಾತೆ ಎಂಬ ಹೆಸರಿನ ಬೋರ್ಡ್ ಇತ್ತು, ಬೋರ್ಡಿನ ಹಿಂದೆ ಯಾವ ಕಂಟೇನರ್ ಇರಬೇಕೆಂದು ಗುರುತಿಸುವ ಚೀಟಿಯಲ್ಲಿ ಒಂದು ಅಕ್ಷರ ತಪ್ಪಿತ್ತು. ಹಾಗಾಗಿ ಬೋರ್ಡಿನ ಹಿಂದೆ ಯಾರೂ ಇರಲಿಲ್ಲ. ‘ಯಾವಾಗಲೂ ಕೊನೆಗೆ ಡಿಎನ್‌ಎಸ್ಸೇ ಕಾರಣ’ ಎಂಬುದು ಈ ಕ್ಷೇತ್ರದ ಹಳೆಯ ತಮಾಷೆ. ಆ ತಮಾಷೆಯನ್ನು ನಂಬಿಕೊಂಡು ಹೊರಟರೆ ಹೀಗಾಗುತ್ತದೆ. ಎಲ್ಲದಕ್ಕೂ ಹ್ಯಾಕರ್ ಕಾರಣ ಎನ್ನುವ ಫಾರ್ವರ್ಡ್‌ಗೂ ಎಲ್ಲದಕ್ಕೂ ಡಿಎನ್‌ಎಸ್ ಕಾರಣ ಎಂದು ಹೊರಟ ನಮಗೂ ಆ ಅರ್ಧ ಗಂಟೆ ದೊಡ್ಡ ವ್ಯತ್ಯಾಸ ಇರಲಿಲ್ಲ.

ಗೆಳತಿ ಕೆಡಿಸಿ ತೋರಿಸದೆ ಬಾಯಲ್ಲಿ ಹೇಳಿದ್ದು ಇನ್ನೊಂದಿದೆ. ಸುರಕ್ಷತೆಗೆಂದು ಕಂಟೇನರ್‌ಗಳಿಗೆ ‘ಹೊರಗೆ ಯಾರ ಜೊತೆಯೂ ಮಾತಾಡಬೇಡ’ ಎಂಬ ನಿಯಮ ಹಾಕುತ್ತಾರೆ, ಡಿಎನ್‌ಎಸ್ ಪ್ರಶ್ನೆಗಳು ಹೋಗುವ 53ನೇ ಪೋರ್ಟ್‌ಗೆ ವಿನಾಯಿತಿ ಕೊಡಲು ಮರೆಯುತ್ತಾರೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟಂತೆ. ಹೊರಗಿನಿಂದ ನೋಡುವವರಿಗೆ ಇದೂ ‘ಸರ್ವರ್ ಡೌನ್’.

ಯಾವ ಮಂಜ?

ಕ್ಲಸ್ಟರ್‌ನಲ್ಲಿ ಹೆಸರು ಹುಡುಕುವ ರೀತಿಯಲ್ಲೇ ಒಂದು ವಿಚಿತ್ರವಿದೆ. ಊರಿನಲ್ಲಿ ಯಾರಾದರೂ ‘ಮಂಜ ಎಲ್ಲಿ?’ ಎಂದು ಕೇಳಿದರೆ ಮೊದಲು ನಮ್ಮ ಮನೆಯ ಮಂಜನೇ ಎಂದುಕೊಳ್ಳುತ್ತೇವೆ. ಅಲ್ಲವೆಂದರೆ ನಮ್ಮ ಬೀದಿಯ ಮಂಜ, ಆಮೇಲೆ ನಮ್ಮೂರ ಮಂಜ, ಅದೂ ಅಲ್ಲವಾದರೆ ಪರವೂರಿನವನಿರಬೇಕು. ಕುಬರ್‌ನೆಟೀಸ್ ಕೂಡ ಹಾಗೆಯೇ. ಹೆಸರಿನಲ್ಲಿ ಐದಕ್ಕಿಂತ ಕಡಿಮೆ ಚುಕ್ಕಿಗಳಿದ್ದರೆ ಅದು ಒಳಗಿನವರ ಹೆಸರಿರಬಹುದು ಎಂದುಕೊಂಡು, ಮೊದಲು ತನ್ನ ವಿಭಾಗ, ಆಮೇಲೆ ಎಲ್ಲ ಸೇವೆಗಳು, ಆಮೇಲೆ ಇಡೀ ಕ್ಲಸ್ಟರ್ ಎಂದು ಮೂರು ಬಾಲ ಅಂಟಿಸಿ ಮೂರು ಸಲ ಕೇಳುತ್ತದೆ. ಮೂರಕ್ಕೂ ‘ಇಲ್ಲ’ ಬಂದ ಮೇಲೆ ಹೊರಗೆ ಕೇಳುತ್ತದೆ.

ನಾವು ದಿನನಿತ್ಯ ನೋಡುವ ವೆಬ್‌ಸೈಟ್ ಹೆಸರುಗಳಲ್ಲಿ ಇರುವುದು ಒಂದೋ ಎರಡೋ ಚುಕ್ಕಿ. ಹಾಗಾಗಿ ಹೊರಗಿನ ಒಂದು ಬ್ಯಾಂಕಿನ ಸರ್ವರ್ ಹುಡುಕಲೂ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲಿ ಹಳೆಯ ಮಾದರಿಯ ಸಂಖ್ಯೆಗೊಂದು, ಹೊಸ ಮಾದರಿಯ ಸಂಖ್ಯೆಗೊಂದು ಪ್ರಶ್ನೆ. ಒಂದು ಹೆಸರಿಗೆ ಎಂಟು ಪ್ರಶ್ನೆ. ಜನ ಕಡಿಮೆ ಇದ್ದಾಗ ಇದು ಯಾರಿಗೂ ಕಾಣುವುದಿಲ್ಲ. ಹಬ್ಬದ ಸೇಲ್ ದಿನ ಸಾವಿರಾರು ಕಂಟೇನರ್‌ಗಳು ಏಕಕಾಲಕ್ಕೆ ಎಂಟೆಂಟು ಸಲ ಕೇಳತೊಡಗಿದರೆ ಉತ್ತರ ಹೇಳುವವನ ಗತಿಯೇನು?

ಯುರೋಪಿನ ಬಟ್ಟೆ ಮಾರಾಟದ ಕಂಪನಿ ಝಲಾಂಡೊದಲ್ಲಿ 2019ರಲ್ಲಿ ಹೀಗೇ ಆಯಿತು, ಅಲ್ಲಿನ ಎಂಜಿನಿಯರ್‌ಗಳೇ ಅದನ್ನು ಬಹಿರಂಗವಾಗಿ ಬರೆದಿದ್ದಾರೆ. ಪ್ರಶ್ನೆಗಳು ಉಕ್ಕಿ ಬಂದು ಕೋರ್‌ಡಿಎನ್‌ಎಸ್‌ನ ಮೆಮೊರಿ ಮಿತಿ ಮೀರಿತು, ಮಿತಿ ಮೀರಿದ ಪ್ರೋಗ್ರಾಂಗಳನ್ನು ವ್ಯವಸ್ಥೆ ಕೊಂದುಹಾಕಿತು. ಉತ್ತರ ಸಿಗದವರು ಮತ್ತೆ ಮತ್ತೆ ಕೇಳುತ್ತಾರೆ, ಎದ್ದುಬಂದ ಹೊಸ ಪ್ರತಿಯೂ ಆ ನೂಕುನುಗ್ಗಲಿನಲ್ಲಿ ಉಸಿರುಗಟ್ಟುತ್ತದೆ. ಇಡೀ ಕ್ಲಸ್ಟರ್‌ನಲ್ಲಿ ಯಾರಿಗೂ ಯಾರ ವಿಳಾಸವೂ ಗೊತ್ತಿಲ್ಲದಂತಾಯಿತು. ಹೊರಗಿನಿಂದ ಯಾರೂ ದಾಳಿ ಮಾಡಿರಲಿಲ್ಲ.

ಇದಕ್ಕಿರುವ ಔಷಧಿಗಳಲ್ಲಿ ಒಂದು ನಮಗೆ ಬಹಳ ಹಿಡಿಸಿತು. ಹೊರಗಿನ ಹೆಸರಿನ ಕೊನೆಗೆ ಒಂದು ಚುಕ್ಕಿ ಇಡಿ. ‘ಇದು ಪೂರ್ತಿ ಹೆಸರು, ಬಾಲ ಅಂಟಿಸಬೇಡ’ ಎಂದು ಅದರ ಅರ್ಥ. ಎಂಟು ಪ್ರಶ್ನೆ ಎರಡಕ್ಕೆ ಇಳಿಯುತ್ತದೆ. ಪ್ರತಿ ಕಂಪ್ಯೂಟರ್‌ನಲ್ಲೂ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಸಹಾಯಕನನ್ನು ಕೂರಿಸುವುದು ಇನ್ನೊಂದು. ಹೆಸರು ಸಿಗುತ್ತದೆ, ಆದರೆ ಕೆಲವೊಮ್ಮೆ ಸರಿಯಾಗಿ ಐದು ಸೆಕೆಂಡ್ ತಡವಾಗಿ ಸಿಗುತ್ತದೆ ಎಂಬ ಕುಖ್ಯಾತ ಕಾಯಿಲೆಗೂ ಇದೇ ಮದ್ದು. ಜೊತೆಜೊತೆಗೆ ಹೊರಟ ಎರಡು ಪ್ರಶ್ನೆಗಳಲ್ಲಿ ಒಂದು ಲಿನಕ್ಸ್‌ನ ಒಳಗೆ ದಾರಿಯಲ್ಲೇ ಬಿದ್ದುಹೋಗುತ್ತದೆ, ಕೇಳಿದವನು ಐದು ಸೆಕೆಂಡ್ ಕಾದು ಮತ್ತೆ ಕೇಳುತ್ತಾನೆ. ನಿಮ್ಮ ಪರದೆ ಮೇಲೆ ತಿರುಗುವ ಚಕ್ರದ ಹಿಂದೆ ಇಂಥ ಐದು ಸೆಕೆಂಡೂ ಇರಬಹುದು.

ದೀಪಾವಳಿಯ ಮಧ್ಯಾಹ್ನ

2025ರ ಅಕ್ಟೋಬರ್ 20, ನಮ್ಮಲ್ಲಿ ದೀಪಾವಳಿ. ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಸ್ನ್ಯಾಪ್‌ಚಾಟ್, ಸಿಗ್ನಲ್, ಫೋರ್ಟ್‌ನೈಟ್ ಆಟ ಸೇರಿದಂತೆ ಜಗತ್ತಿನ ಅನೇಕ ಸೇವೆಗಳು ತಡವರಿಸಿದವು. ಇವೆಲ್ಲ ಅಮೆಜಾನ್‌ನ ಬಾಡಿಗೆ ಕಂಪ್ಯೂಟರ್‌ಗಳ ಮೇಲೆ ಓಡುತ್ತವೆ. ಅಲ್ಲಿ ಡೈನಮೊಡಿಬಿ ಎಂಬ ದತ್ತಾಂಶ ಸೇವೆಯ ಹೆಸರಿಗೆ ಸಂಖ್ಯೆ ಬರೆಯುವ ಕೆಲಸವನ್ನು ಮನುಷ್ಯರಲ್ಲ, ಪ್ರೋಗ್ರಾಂಗಳು ಮಾಡುತ್ತವೆ. ಅವುಗಳಲ್ಲಿ ಒಂದು ನಿಧಾನವಾಗಿ ಹಳೆಯ ಪಟ್ಟಿಯನ್ನು ಬರೆಯುತ್ತಿತ್ತು, ಇನ್ನೊಂದು ಹೊಸ ಪಟ್ಟಿಯನ್ನು ಬರೆದು ಮುಗಿಸಿತು. ನಿಧಾನವಾಗಿದ್ದದ್ದು ಹೊಸದರ ಮೇಲೆ ಹಳೆಯದನ್ನು ಬರೆಯಿತು. ಮುಂಚೂಣಿಯಲ್ಲಿದ್ದ ಪ್ರೋಗ್ರಾಂ ಹಳೆಯದನ್ನೆಲ್ಲ ಗುಡಿಸುವಾಗ ಅದನ್ನೂ ಅಳಿಸಿತು. ಹೆಸರಿನ ಮುಂದೆ ಖಾಲಿ ಜಾಗ ಉಳಿಯಿತು. ಅಮೆರಿಕದ ವರ್ಜೀನಿಯಾದಲ್ಲಿರುವ ಒಂದು ಪ್ರದೇಶದ ಒಂದು ಹೆಸರು, ಅಷ್ಟೇ. ಅದನ್ನು ಸರಿಪಡಿಸಲು ಎರಡೂವರೆ ಗಂಟೆ ದಾಟಿತು, ಅದರ ಪರಿಣಾಮಗಳು ಪೂರ್ತಿ ತಣ್ಣಗಾಗಲು ಇನ್ನೂ ಹಲವು ಗಂಟೆ.

ಹಾಗೆಂದು ದಾಳಿಯೇ ನಡೆಯುವುದಿಲ್ಲ ಎಂದು ನಾವು ಹೇಳುತ್ತಿಲ್ಲ. 2016ರ ಅಕ್ಟೋಬರ್ 21ರಂದು ಡಿನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ನಿಜವಾದ ದಾಳಿ ನಡೆದಿತ್ತು. ಮಿರಾಯ್ ಎಂಬ ಕುತಂತ್ರಾಂಶ ಹೊಕ್ಕಿದ್ದ ಸಿಸಿಟಿವಿ ಕ್ಯಾಮೆರಾ, ರೆಕಾರ್ಡರ್‌ಗಳಂಥ ಮನೆಬಳಕೆಯ ಸಾಧನಗಳು ಒಟ್ಟಾಗಿ ಅದರ ಸರ್ವರ್‌ಗಳ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್, ಸ್ಪಾಟಿಫೈ ಅನೇಕರಿಗೆ ಸಿಗಲಿಲ್ಲ. ಹೊರಗಿನವರಿಗೆ ಕಂಡದ್ದು 2021ರಲ್ಲಿ ಕಂಡದ್ದೇ, ಹೆಸರಿಗೆ ಉತ್ತರವಿಲ್ಲ. ಒಳಗೆ ಒಬ್ಬರ ಕೈತಪ್ಪು, ಇನ್ನೊಂದೆಡೆ ದಾಳಿ. ಮೊದಲ ಒಂದು ಗಂಟೆಯಲ್ಲಿ ಇವೆರಡನ್ನೂ ಹೊರಗೆ ಕುಳಿತವರು ಬೇರ್ಪಡಿಸಲಾರರು. ಆ ಗಂಟೆಯಲ್ಲೇ ಕಾರಣ ಸಮೇತ ಬರುವ ಫಾರ್ವರ್ಡ್ ಅದನ್ನು ಬರೆದವರ ಊಹೆ ಎಂದೇ ತಿಳಿಯಬೇಕು.

ನಿಮ್ಮ ಫೋನ್‌ನಲ್ಲಿ ನೋಡಬಹುದಾದದ್ದು

ಗೆಳತಿಯ ಪರೀಕ್ಷೆಗಳನ್ನು ಸ್ವಲ್ಪ ತಿರುಗಿಸಿದರೆ ಫೋನ್‌ಗೂ ಹೊಂದುತ್ತವೆ. ಒಂದೇ ಆ್ಯಪ್ ನಿಂತಿದೆಯೋ, ಎಲ್ಲವೂ ನಿಂತಿವೆಯೋ? ಒಂದೇ ಆದರೆ ತೊಂದರೆ ಹೆಚ್ಚಾಗಿ ಅವರ ಕಡೆಯದು, ನಿಮ್ಮ ಸೆಟ್ಟಿಂಗ್ಸ್ ಮುಟ್ಟಬೇಡಿ. ಎಲ್ಲವೂ ನಿಂತಿದ್ದರೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಅಲ್ಲಿ ಬಂದರೆ ದೋಷ ಮನೆಯ ರೌಟರ್ ಅಥವಾ ಅದರ ಕಂಪನಿಯದು. ಎರಡರಲ್ಲೂ ಬಾರದಿದ್ದರೆ ಆಂಡ್ರಾಯ್ಡ್ ಫೋನ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆ ತೆರೆದು ನೋಡಿ. ಆಂಡ್ರಾಯ್ಡ್ 9ರಿಂದ ಇದು ಇದೆ. ಜಾಹೀರಾತು ಬರದಂತೆ ಮಾಡಲು ಎಂದೋ ಯಾರೋ ಹೇಳಿ ತುಂಬಿಸಿದ ಹೆಸರು ಅಲ್ಲಿದ್ದು, ಆ ಸೇವೆ ಈಗ ಮುಚ್ಚಿದ್ದರೆ ಇಡೀ ಫೋನ್‌ಗೆ ಇಂಟರ್ನೆಟ್ ಇಲ್ಲದಂತಾಗುತ್ತದೆ. ‘ಆಟೊಮ್ಯಾಟಿಕ್’ ಎಂದು ಬದಲಿಸಿದರೆ ಸರಿಹೋಗುತ್ತದೆ. ನಮ್ಮ ಕಚೇರಿಯಲ್ಲೇ ಒಬ್ಬರು ಎರಡು ದಿನ ಸಿಮ್ ಕಂಪನಿಗೆ ಬೈದಿದ್ದು ಇದೇ ಕಾರಣಕ್ಕೆ.

‘ಈ ಡಿಎನ್‌ಎಸ್ ನಂಬರ್ ಹಾಕಿ, ನೆಟ್ ಹತ್ತು ಪಟ್ಟು ವೇಗವಾಗುತ್ತದೆ’ ಎಂಬ ಫಾರ್ವರ್ಡ್ ಬಗ್ಗೆ ಮಾತ್ರ ಗಂಭೀರವಾಗಿರಬೇಕು. ಗೂಗಲ್, ಕ್ಲೌಡ್‌ಫ್ಲೇರ್‌ನಂಥ ಹೆಸರಾಂತ ಸೇವೆಗಳನ್ನು ತಿಳಿದು ಬಳಸುವುದು ಬೇರೆ. ಅವುಗಳಿಂದಲೂ ವಿಡಿಯೋ ಹತ್ತು ಪಟ್ಟು ವೇಗವಾಗದು, ಏಕೆಂದರೆ ಡಿಎನ್‌ಎಸ್ ವಿಳಾಸ ಹೇಳುತ್ತದೆಯೇ ಹೊರತು ಸಾಮಾನು ಹೊರುವುದಿಲ್ಲ. ಗುರುತಿಲ್ಲದ ಸಂಖ್ಯೆಯನ್ನು ಹಾಕಿದರೆ ನಿಮ್ಮ ಕಾಂಟ್ಯಾಕ್ಟ್ಸ್ ಪುಸ್ತಕವನ್ನೇ ಅಪರಿಚಿತರ ಕೈಗೆ ಕೊಟ್ಟಂತೆ. ‘ಅಮ್ಮ’ ಎಂದು ಒತ್ತಿದರೆ ಯಾರಿಗೆ ಕರೆ ಹೋಗಬೇಕೆಂದು ಅವರು ತೀರ್ಮಾನಿಸುತ್ತಾರೆ. ಹೀಗೆ ನಡೆದಿದೆ. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಲ್ಲಿ ಈ ಸಂಖ್ಯೆಯನ್ನು ಬದಲಿಸಿ, ಜನರನ್ನು ತನಗೆ ಬೇಕಾದ ಪುಟಗಳಿಗೆ ತಿರುಗಿಸಿ ಹಣ ಮಾಡುತ್ತಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಭೇದಿಸಿತು. ವಂಚಕರ ಸರ್ವರ್‌ಗಳನ್ನು ಒಮ್ಮೆಗೇ ನಿಲ್ಲಿಸಿದ್ದರೆ ಅಷ್ಟೂ ಜನರಿಗೆ ಇಂಟರ್ನೆಟ್ ಹೋಗುತ್ತಿತ್ತು. ಹಾಗಾಗಿ ಅವುಗಳ ಜಾಗದಲ್ಲಿ ತಿಂಗಳುಗಟ್ಟಲೆ ಒಳ್ಳೆಯ ಸರ್ವರ್ ಇಟ್ಟು, 2012ರ ಜುಲೈ 9ರಂದು ನಿಲ್ಲಿಸಿದರು. ಆ ದಿನ ಇಡೀ ಜಗತ್ತಿನ ಇಂಟರ್ನೆಟ್ ನಿಲ್ಲುತ್ತದೆ ಎಂಬ ಗುಲ್ಲು ಆಗಲೂ ಎದ್ದಿತ್ತು.

ಹಣದ ಆ್ಯಪ್ ಅರ್ಧಕ್ಕೆ ನಿಂತಾಗ ಇನ್ನೂ ಒಂದು ಅಪಾಯವಿದೆ. ಗಾಬರಿಯಲ್ಲಿ ಮತ್ತೆ ಮತ್ತೆ ಹಣ ಕಳಿಸುವುದು, ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರ್‌ಗೆ ಕರೆ ಮಾಡುವುದು. ನಕಲಿ ಕಸ್ಟಮರ್ ಕೇರ್‌ನವರು ಕಾಯುವುದು ಇಂಥ ಹೊತ್ತಿಗೇ. ಮೊದಲು ಬ್ಯಾಂಕಿನ ಎಸ್‌ಎಂಎಸ್ ಮತ್ತು ಖಾತೆಯ ಬಾಕಿ ನೋಡಿ, ನಂಬರ್ ಬೇಕಿದ್ದರೆ ಆ್ಯಪ್ ಒಳಗಿನಿಂದ ಅಥವಾ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ.

‘48 ಗಂಟೆ ಇಂಟರ್ನೆಟ್ ಬಂದ್’

ಡಿಎನ್‌ಎಸ್ ಕುರಿತ ಫಾರ್ವರ್ಡ್‌ಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಓಡಿದ್ದು ಬಹುಶಃ 2018ರದ್ದು. ಮುಂದಿನ 48 ಗಂಟೆ ಜಗತ್ತಿನಾದ್ಯಂತ ಇಂಟರ್ನೆಟ್ ಬಂದ್ ಎಂದು ಟಿವಿ, ವೆಬ್‌ಸೈಟ್‌ಗಳೂ ಹೇಳಿದ್ದವು. ವಿಷಯ ಇಷ್ಟು. ಡಿಎನ್‌ಎಸ್ ಉತ್ತರಗಳು ನಕಲಿಯಲ್ಲ ಎಂದು ಸಾಬೀತುಪಡಿಸಲು ಅತಿ ಮೇಲಿನ ಹಂತದಲ್ಲಿ ಒಂದು ಡಿಜಿಟಲ್ ಕೀಲಿ ಇದೆ. 2010ರಲ್ಲಿ ಜಾರಿಗೆ ಬಂದ ಆ ಕೀಲಿಯನ್ನು, ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಮೊದಲ ಬಾರಿಗೆ ಬದಲಿಸುವುದಿತ್ತು. 2017ರಲ್ಲೇ ಆಗಬೇಕಿದ್ದದ್ದನ್ನು, ಎಲ್ಲ ಕಂಪನಿಗಳೂ ಹೊಸ ಕೀಲಿಗೆ ಸಿದ್ಧವಾಗಿಲ್ಲ ಎಂದು ಒಂದು ವರ್ಷ ಮುಂದೂಡಿದ್ದರು. ತಮ್ಮ ಸರ್ವರ್‌ನಲ್ಲಿ ಹೊಸ ಕೀಲಿ ಹಾಕಿಕೊಳ್ಳದ ಕಂಪನಿಯ ಗ್ರಾಹಕರಿಗೆ ಮಾತ್ರ ತೊಂದರೆಯಾಗುವ ಸಾಧ್ಯತೆಯಿತ್ತು. ಆ ‘ಸಾಧ್ಯತೆ’ ದಾರಿಯಲ್ಲಿ ಬರುತ್ತಾ ‘ಬಂದ್’ ಆಯಿತು.

2018ರ ಅಕ್ಟೋಬರ್ 11ರಂದು ಕೀಲಿ ಬದಲಾಯಿತು. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ 9.30. ಬಂದ್ ಆಗಲಿದೆ ಎಂಬ ಸಂದೇಶಗಳು ಆ 48 ಗಂಟೆಯೂ ವಾಟ್ಸಾಪ್‌ನಲ್ಲಿ ನಿರಾತಂಕವಾಗಿ ಓಡಾಡಿದವು. ಎರಡನೆಯ ಬದಲಾವಣೆಗೆ ಐಕ್ಯಾನ್ ಗೊತ್ತುಮಾಡಿರುವ ದಿನ 2026ರ ಅಕ್ಟೋಬರ್ 11. ಹೊಸ ಕೀಲಿ 2025ರ ಜನವರಿಯಿಂದಲೇ ಎಲ್ಲರಿಗೂ ಸಿಗುವಂತೆ ಪ್ರಕಟವಾಗಿದೆ, ಸಿದ್ಧರಾಗಲು ಕಂಪನಿಗಳಿಗೆ ಇಪ್ಪತ್ತೊಂದು ತಿಂಗಳ ಸಮಯ. ಆ ದಿನ ಭಾನುವಾರ. ಮನೆಯಲ್ಲಿ ನೆಟ್ ನಿಂತರೆ ಮೊದಲು ರೌಟರ್‌ನ ಪ್ಲಗ್ ನೋಡಿ.